ನೀಲಿಗೆ ಒಂದು ಗಂಟೆ

“ಒಂದೇ ಒಂದು ಗಂಟೆ ಸಿದ್ದಣ್ಣ, ಆ ಲೈಟು ಹಾಕ್ಬೇಡಿ,” ಎಂದು ಲೋಕೇಶ್ವರಿ ಮೂರನೇ ಸಲ ಕೇಳಿದಾಗ ಚಿಕ್ಕಸಿದ್ದ ಅಟ್ಟಣೆಯಿಂದ ಇಳಿದೇ ಬಂದ. ರಾಗಿ ತೆನೆ ಬಲಿತ ಕಾಲ. ಆನೆ ನುಗ್ಗಿದರೆ ಒಂದೇ ರಾತ್ರಿಗೆ ಹೊಲ ಬಯಲು. ಅಂಥ ಹೊತ್ತಿನಲ್ಲಿ ಕಾವಲಿನವನಿಗೆ ಬೆಳಕು ಬೇಡ ಎನ್ನುವುದೂ ಒಂದೇ, ನಾಯಿಗೆ ಬೊಗಳಬೇಡ ಎನ್ನುವುದೂ ಒಂದೇ.

“ಕತ್ಲಲ್ಲಿ ಏನ್ ಕಂಡದು ಟೀಚರಮ್ಮ?”

“ಕತ್ಲಾದ್ರೇನೇ ಕಾಣೋದು.”

ದೊಡ್ಡಗಾಜನೂರಿನ ಶಾಲೆಯಲ್ಲಿ ವಿಜ್ಞಾನ ಕಲಿಸುವ ಲೋಕೇಶ್ವರಿ ಊರಿನ ಬೀದಿದೀಪಗಳಿಂದ ತಪ್ಪಿಸಿಕೊಂಡು ಸಿದ್ದನ ಹೊಲದ ಹಾಸುಬಂಡೆಯ ಮೇಲೆ ಟೆಲಿಸ್ಕೋಪು ನಿಲ್ಲಿಸಿದ್ದಳು. ಅದರ ಬಾಲಕ್ಕೆ ಕಚ್ಚಿದ್ದ ಕ್ಯಾಮೆರಾ ಕೊಯಮತ್ತೂರಿನ ಗೆಳತಿಯದು, ನಾಳೆ ಮೊದಲ ಬಸ್ಸಿಗೆ ವಾಪಸು ಹೋಗಬೇಕು. ಅದಕ್ಕೆ ಬಣ್ಣವೇ ತಿಳಿಯದು, ಕಪ್ಪು ಬಿಳುಪು ಮಾತ್ರ. ಮುಂದೆ ಕೆಂಪು ಗಾಜಿಟ್ಟು ಒಂದು ಗಂಟೆ, ಹಸಿರು ಗಾಜಿಟ್ಟು ಒಂದು ಗಂಟೆ, ನೀಲಿಯದಿಟ್ಟು ಒಂದು ಗಂಟೆ ಚಿತ್ರದ ಮೇಲೆ ಚಿತ್ರ ತೆಗೆದು, ಮೂರನ್ನೂ ಕಂಪ್ಯೂಟರಿನಲ್ಲಿ ಕೂಡಿಸಿದರೆ ಬಣ್ಣ ಹುಟ್ಟುತ್ತದೆ. ಸಿದ್ದ ಉಂಡು ಕಾವಲಿಗೆ ಬರುವ ಮೊದಲೇ ಕೆಂಪು, ಹಸಿರು ಮುಗಿದಿದ್ದವು. ಹತ್ತರ ಮೇಲೆ ಚಂದ್ರ ಬಂದರೆ ನೀಲಿಯ ಆಸೆ ಬಿಟ್ಟಂತೆಯೇ.

ಕೃತ್ತಿಕೆಯ ನಕ್ಷತ್ರಗಳ ಸುತ್ತ ನೀಲಿ ಮಂಜಿದೆ ಎಂದು ಅವಳು ಹದಿನೈದು ವರ್ಷದಿಂದ ಪಾಠ ಹೇಳುತ್ತಿದ್ದಳು. ಹೋದ ತಿಂಗಳು ಹುಡುಗಿಯೊಬ್ಬಳು, “ನೀವು ಕಂಡಿದ್ದೀರಾ ಟೀಚರ್?” ಎಂದು ಕೇಳಿಬಿಟ್ಟಿದ್ದಳು. ಇಲ್ಲ ಎಂದು ಒಪ್ಪಿಕೊಂಡ ನಾಚಿಕೆ ಇನ್ನೂ ಆರಿರಲಿಲ್ಲ.

“ಆಯ್ತು ಬುಡಿ. ಆನೆ ಬಂದ್ರೆ ಮಾತ್ರ ನಿಮ್ ಮಾತ್ ಕೇಳಕಾಗದಿಲ್ಲ,” ಎಂದು ಸಿದ್ದ ಲೈಟು ಆರಿಸಿದ.

ಹತ್ತು ನಿಮಿಷ ಆಗಿರಬೇಕು. ಮೂಡಲ ಹೊಲದಿಂದ ಒಂದು ಬೆಳಕು ಇವರತ್ತ ತಿರುಗಿತು. ಆಮೇಲೆ ಎರಡು, ನಾಲ್ಕು. ಡಬ್ಬ ಬಡಿಯುವ ಸದ್ದು, ಬದುವಿನ ಮೇಲೆ ಓಡುವ ಟಾರ್ಚುಗಳು. ಲ್ಯಾಪ್‌ಟಾಪಿನ ಪರದೆ ಹಾಲು ಚೆಲ್ಲಿದಂತೆ ಬೆಳ್ಳಗಾಯಿತು.

“ಅಯ್ಯೋ, ನಿಮ್ಗೆ ಏಳದೇ ಮರ್ತೆ,” ಎಂದು ಸಿದ್ದ ತಲೆ ಕೆರೆದುಕೊಂಡ. ಇಲ್ಲಿ ಒಂದು ಹೊಲದವನು ಆಗಾಗ ಲೈಟು ಬೀಸಿದರೆ ಪಕ್ಕದವನು ತಿರುಗಿ ಬೀಸಬೇಕು. ಬೀಸದವನು ನಿದ್ದೆ ಹೋಗಿದ್ದಾನೆ, ಇಲ್ಲವೇ ಆನೆಯ ಕಾಲಡಿ ಇದ್ದಾನೆ ಎಂದೇ ಲೆಕ್ಕ. ಹತ್ತು ವರ್ಷದಿಂದ ಇದೇ ಊರಲ್ಲಿದ್ದರೂ ಸಂಜೆಗೇ ಬಾಗಿಲು ಹಾಕಿಕೊಳ್ಳುವ ಲೋಕೇಶ್ವರಿಗೆ ಇದು ಗೊತ್ತಿರಲಿಲ್ಲ.

ಮೊದಲು ಬಂದವಳು ಪಕ್ಕದ ಹೊಲದ ಮುದುಕಿ ಶಿವಮಲ್ಲಮ್ಮ, ಕೈಯಲ್ಲಿ ಮಚ್ಚು. “ಬದ್ಕಿದ್ದೀಯೇನ್ಲಾ ಸಿದ್ದ?”

“ಬದ್ಕಿವ್ನಿ ಕಣವ್ವ.”

“ಬದ್ಕಿದ್ರೆ ಲೈಟ್ ಬೀಸಕೇನ್ಲಾ ರೋಗ?”

ಹಿಂದೆ ಇನ್ನೂ ನಾಲ್ವರು ಏದುಸಿರು ಬಿಡುತ್ತ ನಿಂತರು. ತಪ್ಪು ತನ್ನದೆಂದು ಲೋಕೇಶ್ವರಿ ಎಲ್ಲವನ್ನೂ ಹೇಳಿದಳು. ಬೈಸಿಕೊಳ್ಳಲು ತಯಾರಾಗಿ ನಿಂತಳು. ಮುದುಕಿ ಬಗ್ಗಿ, ಅವಳು ತೆರೆದಿಟ್ಟ ಹಸಿರು ಗಾಜಿನ ಕಪ್ಪು ಬಿಳುಪು ಚಿತ್ರ ನೋಡಿದಳು.

“ಇದೇನವ್ವ, ನನ್ ಮದ್ವೆ ಪಟ ಇದ್ದಂಗದೆ.”

“ನೀಲಿ ಸಿಕ್ಕಿದ್ರೆ ಬಣ್ಣ ಬರುತ್ತೆ ಅವ್ವಾ. ಚಂದ್ರ ಬರೋಕೆ ಇನ್ನು ಮುಕ್ಕಾಲು ಗಂಟೆ ಇದೆ, ಅಷ್ಟೇ.”

ಶಿವಮಲ್ಲಮ್ಮ ಉಳಿದವರ ಕಡೆ ತಿರುಗಿದಳು. “ನಮ್ ಕಾಲ್ದಲ್ಲಿ ಲೈಟ್ ಎಲ್ಲಿತ್ತು? ಕೂಗ್ಕೊಂಡೇ ಕಾಯ್ತಿರ್ನಿಲ್ವಾ? ಎಲ್ಲಾ ಆರ್ಸಿ, ಕೂಗಿ.”

“ನನ್ ಗಂಟ್ಲು ಕಟ್ಟೋಗದೆ ಕಣವ್ವ,” ಎಂದ ಸಿದ್ದ.

“ಅಂಗಾರೆ ಈ ಒಲದ ಕೂಗು ಟೀಚರಮ್ಮಂದು. ಮರ್ತು ಸುಮ್ನಿದ್ರೆ ಮತ್ತೆ ಓಡ್ಬತ್ತೀವಿ, ಲೈಟ್ ಇಡ್ಕೊಂಡೇ.”

ಅವರು ಹೋದರು. ಬೆಳಕುಗಳು ಒಂದೊಂದಾಗಿ ಆರಿದವು. ಲೋಕೇಶ್ವರಿ ನೀಲಿಯನ್ನು ಮೊದಲಿಂದ ಶುರುಮಾಡಿದಳು. ಸ್ವಲ್ಪ ಹೊತ್ತಿಗೆ ದೂರದಲ್ಲೊಂದು ಕೂಗು ಎದ್ದಿತು. ಅದನ್ನು ಇನ್ನೊಂದು ಹೊಲ ಎತ್ತಿಕೊಂಡಿತು. ಆಮೇಲೆ ತೀರ ಹತ್ತಿರದಲ್ಲಿ ಶಿವಮಲ್ಲಮ್ಮನ ಒಡಕು ದನಿ. ಅಲ್ಲಿಗೆ ನಿಂತಿತು.

ತರಗತಿಯಲ್ಲೂ ಗಟ್ಟಿಯಾಗಿ ಮಾತಾಡದವಳು ಅವಳು. ಅವಳು ಟೆಲಿಸ್ಕೋಪಿಗೆ ಸೆರಗು ತಾಕದಂತೆ ಎದ್ದು ನಿಂತು, ಪಡುವಣದ ಹೊಲದ ಕಡೆ ತಿರುಗಿ, ಎರಡೂ ಕೈ ಬಾಯಿಗೆ ಒಡ್ಡಿ ಕೂಗಿದಳು. ಕೂಗು ನಡುವೆ ಒಡೆಯಿತು. ಆಮೇಲೆ ಬದುವಿನಾಚೆ ಯಾರೋ ಅದನ್ನು ಎತ್ತಿಕೊಂಡು ಮುಂದಕ್ಕೆ ಕೊಟ್ಟರು.

ಪರದೆಯ ಮೇಲೆ ನೀಲಿಯ ಮೊದಲ ಚಿತ್ರ ಇಳಿದಿತ್ತು. ಅವಳು ಇನ್ನೂ ಕತ್ತಲೆಗೆ ಕಿವಿಗೊಟ್ಟು, ತನ್ನ ಕೂಗು ಎಲ್ಲಿಯತನಕ ಹೋಗುತ್ತದೆಂದು ಕೇಳುತ್ತ ನಿಂತಿದ್ದಳು.