ಆರುನೂರರ ಕಾಲಂ

ಕನ್ನಡದಲ್ಲಿ ನನಗೆ ನೂರಿಪ್ಪತ್ತೈದಕ್ಕೆ ನೂರಿಪ್ಪತ್ತೈದು. ಅದಕ್ಕಾಗಿ ಇಂಡಿ ತಾಲ್ಲೂಕಿನ ನಮ್ಮ ಶಾಲೆಯಲ್ಲಿ ಶಾಲು ಹೊದಿಸಿದ್ದರು. ಅದೇ ಮಾರ್ಕು ವಾಸ್ಕೋದ ಕಾಲೇಜಿನ ಕಿಟಕಿಯ ಮುಂದೆ ನನ್ನ ಮಾನ ಕಳೆಯುತ್ತದೆಂದು ಯಾರಿಗೆ ಗೊತ್ತಿತ್ತು?

ಅಜ್ಜಿಯ ಮನೆಯಲ್ಲಿದ್ದು ಹತ್ತನೆಯದನ್ನು ಮುಗಿಸಿ, ಗೋವಾದಲ್ಲಿ ವಾಸ್ಕೋ ಪಕ್ಕದ ಝುವಾರಿನಗರದಲ್ಲಿದ್ದ ಅಬ್ಬಾ ಅಮ್ಮಿಯ ಹತ್ತಿರ ಬಂದಿದ್ದೆ. ನಾನು ನರ್ಸ್ ಆಗಬೇಕು. ಅದಕ್ಕೆ ಸೈನ್ಸ್ ಬೇಕು, ಸೈನ್ಸಿಗೆ ಎಂಬತ್ತು ಪರ್ಸೆಂಟ್ ಬೇಕು. ನನ್ನದು ೬೨೫ಕ್ಕೆ ೫೦೩, ಎಂಬತ್ತರ ಮೇಲೆ ಚೂರು. ಆದರೆ ಕಾಲೇಜಿನ ಫಾರಂನಲ್ಲಿ ಒಟ್ಟು ಅಂಕದ ಕಾಲಂನಲ್ಲಿ ೬೦೦ ಎಂದು ಮೊದಲೇ ಅಚ್ಚಾಗಿತ್ತು. ಅಚ್ಚಾದ ಅಕ್ಷರದ ಮೇಲೆ ಗೀಟು ಹಾಕಿದರೆ ಫಾರಂ ರದ್ದು ಎಂದು ನಮ್ಮ ಹೆಡ್‌ಮಾಸ್ತರರು ಬೈದು ಬೈದು ಕಲಿಸಿದ್ದರು. ನಾನು ಗೀಟು ಹಾಕಲಿಲ್ಲ. ಅದರ ಪಕ್ಕ ದುಂಡಗೆ ೫೦೩ ಎಂದು ಬರೆದೆ.

ಸೀಟು ಸಿಕ್ಕವರ ಪಟ್ಟಿ ಬಂತು. ಫಿರ್ದೋಸ, ೮೩.೮೩. ಅಮ್ಮಿ ಓಣಿಗೆಲ್ಲ ಶಿರಾ ಹಂಚಿದಳು. ಗೋವಾದ ಲೆಕ್ಕವೇ ಹೀಗಿರಬಹುದು ಎಂದುಕೊಂಡೆ. ನಿಜ ಹೇಳಬೇಕೆಂದರೆ, ಹಾಗೆ ಅಂದುಕೊಳ್ಳುವುದು ಹಿತವಾಗಿತ್ತು.

ಕಾಗದಪತ್ರ ತೋರಿಸುವ ದಿನ ಅಬ್ಬಾ ಲಾರಿ ಕೆಲಸಕ್ಕೆ ರಜೆ ಹಾಕಿ ಜೊತೆಗೆ ಬಂದ. ಕಿಟಕಿಯಲ್ಲಿದ್ದ ಕ್ಲರ್ಕ್ ಜಯಶ್ರೀ ಮೇಡಂ ಅವರ ತವರು ಧಾರವಾಡ. ಅವರು ನನ್ನ ಮಾರ್ಕ್ಸ್ ಕಾರ್ಡ್ ನೋಡಿದರು, ಫಾರಂ ನೋಡಿದರು, ಕನ್ನಡಕ ಏರಿಸಿದರು.

"ಇದು ಆರನೂರ ಇಪ್ಪತ್ತೈದಕ್ಕ ಐತಲ್ಲಾ? ಆರನೂರರ ಕಾಲಂನ್ಯಾಗ ಇದನ್ನ ಯಾರು ಬರದ್ರು?"

ನಾನು ಅಬ್ಬಾನ ಹಿಂದೆ ಸರಿದೆ.

"ನಿಮ್ಮ ಕನ್ನಡ ನೂರಿಪ್ಪತ್ತೈದರದು, ಇಲ್ಲಿ ಎಲ್ಲಾ ನೂರರದು. ಅದನ್ನ ನೂರಕ್ಕ ಇಳಿಸಬೇಕು. ಆರನೂರಕ್ಕ ನಾನೂರ ಎಪ್ಪತ್ತೆಂಟು. ಎಪ್ಪತ್ತೊಂಬತ್ತು ಪಾಯಿಂಟ್ ಆರು ಆರು."

ಅಬ್ಬಾ ಕಣ್ಣು ಬಿಟ್ಟ. "ಮೇಡಂ, ಕನ್ನಡದಾಗ ಎಲ್ಲಾ ಮಾರ್ಕು ತಗೊಂಡಾಳ್ರಿ. ಪೂರ್ತಿ ತಗೊಂಡಿದ್ದಕ್ಕ ಕಡಿಮಿ ಆಗತೈತೇನ್ರಿ?"

"ಹಂಗಲ್ರೀ, ಲೆಕ್ಕ ಹಂಗ."

ಹಂಗ ಎಂದರೆ ಹೆಂಗ? ಶಾಲು ಹೊದಿಸಿದ ಇಪ್ಪತ್ತೈದು ಮಾರ್ಕು ಎಲ್ಲಿ ಹೋಯಿತು? ಸಿಟ್ಟೂ ಬಂತು, ಅಳುವೂ ಬಂತು. ಮೇಡಂ ಫಾರಂ ಮೇಲೆ ಬೆರಳಿಟ್ಟು, "ಸುಳ್ಳು ಮಾಹಿತಿ ಅಂದ್ರ ಅರ್ಜಿನ ರದ್ದು. ಇದನ್ನ ಬರದವರು ಯಾರು?" ಎಂದು ಮತ್ತೆ ಕೇಳಿದರು.

"ನಾ ಬರದೇನ್ರಿ," ಎಂದ ಅಬ್ಬಾ, ನಾನು ಬಾಯಿ ತೆರೆಯುವ ಮೊದಲೇ. "ನನಗ ತಿಳೀಲಿಲ್ರಿ. ಹುಡುಗಿದು ಏನೂ ತಪ್ಪಿಲ್ರಿ."

ಮೇಡಂ ಒಂದು ಹಾಳೆಯಲ್ಲಿ ತಪ್ಪೊಪ್ಪಿಗೆ ಬರೆದು ಮುಂದೆ ಸರಿಸಿದರು. "ಸಹಿ ಮಾಡ್ರಿ."

ಅಬ್ಬಾ ಪೆನ್ನು ತೆಗೆದುಕೊಂಡ. ಹಿಡಿದು ನೋಡಿದ. ಮೆಲ್ಲಗೆ ಕೆಳಗಿಟ್ಟು, ಶಾಯಿ ಪ್ಯಾಡಿಗೆ ಹೆಬ್ಬೆರಳು ಒತ್ತಿದ.

ಮೇಡಂ ಹೆಬ್ಬೆಟ್ಟಿನ ಗುರುತು ನೋಡಿದರು. ನನ್ನ ದುಂಡಗಿನ ೫೦೩ ನೋಡಿದರು. ನಾನು ನೆಲ ನೋಡಿದೆ. ಆಮೇಲೆ ಅವರು ಹಾಳೆಯನ್ನು ಫಾರಂಗೆ ಪಿನ್ ಮಾಡಿ, ಕ್ಯಾಲ್ಕುಲೇಟರ್ ಎಳೆದುಕೊಂಡರು.

"ಬ್ಯಾರೆ ರಾಜ್ಯದವರಿಗೆ ಒಂದ ನಿಯಮ ಐತಿ. ಎಲ್ಲಾಕ್ಕಿಂತ ಕಡಿಮಿ ಇದ್ದ ವಿಷಯ ಬಿಡಬಹುದು. ಹಿಂದಿ ಅರವತ್ತಾರು, ಅದನ್ನ ಬಿಟ್ರ ಐದನೂರಕ್ಕ ನಾನೂರ ಹನ್ನೆರಡು. ಎಂಬತ್ತೆರಡು ಪಾಯಿಂಟ್ ನಾಲ್ಕು." ಠಸ್ಸೆ ಬಿತ್ತು. "ನಡಿ ಒಳಗ. ಖರೇನ ಬರದು ಕೊಟ್ಟಿದ್ರೂ ಸೀಟು ಸಿಗತಿತ್ತು ನಿನಗ."

ಬಸ್ಸಿನಲ್ಲಿ ಅಬ್ಬಾ ಬೆರಳಿನ ಶಾಯಿಯನ್ನು ಪ್ಯಾಂಟಿಗೆ ಉಜ್ಜುತ್ತಲೇ ಇದ್ದ. ಅದು ಹೋಗಲಿಲ್ಲ.

"ಬೇಟಾ, ಕಡೀಕ ನಿನ್ನ ಮಾರ್ಕು ಎಷ್ಟಾತು?"

ನನಗೂ ಗೊತ್ತಿರಲಿಲ್ಲ. ಅವನ ಹೆಬ್ಬೆರಳನ್ನು ನನ್ನ ದುಪಟ್ಟಾದ ತುದಿಯಲ್ಲಿ ಒರೆಸತೊಡಗಿದೆ.

"ಅಬ್ಬಾ, ಅದನ್ನ ಬರದಾಕಿ ನಾನು."

"ಗೊತ್ತೈತಿ," ಎಂದ. "ನನಗ ಬರಿಯಾಕ ಬರೂದಿಲ್ಲಂತ ಈಗ ಆ ಮೇಡಂಗೂ ಗೊತ್ತೈತಿ. ನೀ ಎಷ್ಟಾತು ಹೇಳು, ನಿಮ್ಮ ಅಮ್ಮಿ ಕೇಳತಾಳ."