ಆಶ್‌ಫೀಲ್ಡ್ ಮನೆಗೆ ಎನಿಡ್ ಎರಡನೆಯ ಸಲ ಬಂದದ್ದು

ನಮ್ಮ ಯಾರ್ಕ್‌ಶೈರ್ ಊರಿನ ಆಶ್‌ಫೀಲ್ಡ್ ಮನೆಯನ್ನು ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಉಣ್ಣೆ ಗಿರಣಿಯ ಯಜಮಾನನೊಬ್ಬ ಕಟ್ಟಿಸಿದ್ದು. ಮೊದಲ ಮಹಾಯುದ್ಧದಲ್ಲಿ ಅದು ಗಾಯಾಳು ಸಿಪಾಯಿಗಳ ಆಸ್ಪತ್ರೆಯಾಯಿತು. ಆಮೇಲೆ ಮದುವೆಯಾಗದೆ ಬಸುರಾದ ಹುಡುಗಿಯರನ್ನು ಇರಿಸುವ ಮನೆಯಾಯಿತು, ಮುಂದೆ ನೃತ್ಯಶಾಲೆ. ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ವೃದ್ಧಾಶ್ರಮವಾಗಿತ್ತು.

ಎನಿಡ್ ಹೋಲ್ರಾಯ್ಡ್ ಎಂಬ ಎಪ್ಪತ್ತೆರಡರ ಹೆಂಗಸನ್ನು ಅವಳ ಅಣ್ಣನ ಮಗ ಕರೆತಂದ. ಅವಳು ಬಾಗಿಲಲ್ಲೇ ನಿಂತುಬಿಟ್ಟಳು.

“ಬಾ ಅತ್ತೆ, ಒಳಗೇನು ಹುಲಿ ಇದೆಯಾ?”

“ನಿಂಗೇನೋ ಗೊತ್ತು! ಪೆಟ್ಟಿಗೆ ಎತ್ಕೊಂಡು ನಡಿ.”

ಕೆಳಗಿನ ಬಿಸಿಲು ಬೀಳುವ ಕೋಣೆ ಬೇಡವೆಂದು, ಮಹಡಿಯ ಇಕ್ಕಟ್ಟಾದ ಕೋಣೆಯನ್ನೇ ಹಠ ಹಿಡಿದು ಪಡೆದಳು. ಮೂರು ವಾರದ ಮೇಲೆ, ನಾನು ತಲೆ ಬಾಚುತ್ತಿದ್ದಾಗ, ತಾನಾಗಿ ಹೇಳಿದಳು.

“ಇದೇ ಕಿಟಕಿ ಕಣಮ್ಮಾ. ಆಗ ನಂಗೆ ಹದಿನೆಂಟು. ಆರು ವಾರದ ಕೂಸು. ಹಾಲು ಕುಡಿಸಿ ಕೊಡು ಅಂದ್ರು, ಕೊಟ್ಟೆ. ಕಾರು ಗೇಟು ದಾಟೋದನ್ನ ಇಲ್ಲಿಂದ್ಲೇ ನೋಡ್ದೆ. ಆಮೇಲೆ ನೆಲ ಒರೆಸೋಕೆ ಕಳಿಸಿದ್ರು.”

“ಹುಡುಕ್ಲಿಲ್ವಾ ಎನಿಡಮ್ಮಾ?”

“ಯಾವ ಮುಖ ಇಟ್ಕೊಂಡು? ದತ್ತು ಕಾಗದಕ್ಕೆ ಸಹಿ ಹಾಕಿದ್ದು ನಾನೇ ತಾನೇ.”

ಅವಳನ್ನು ಒಪ್ಪಿಸಿ, ದತ್ತು ಹೋದವರನ್ನು ಹುಡುಕಿಕೊಡುವ ಕಚೇರಿಗೆ ಬರೆದೆ. ನಾಲ್ಕು ತಿಂಗಳಿಗೆ ಮರಿಯನ್ ಎಂಬಾಕೆಯಿಂದ ಕಾಗದ ಬಂತು. ಆಕೆ ಎನಿಡಳ ಸೊಸೆ. ಗಂಡ ಕೀತ್, ಅಂದರೆ ಎನಿಡ್ ಕೊಟ್ಟಿದ್ದ ಆ ಕೂಸು, ತೀರಿಕೊಂಡು ಮೂರು ವರ್ಷವಾಗಿತ್ತು. ಇಪ್ಪತ್ತಾರನೆಯ ವಯಸ್ಸಿನಲ್ಲಿ ಅವನು ತಾಯಿಯನ್ನು ಹುಡುಕಿಕೊಂಡು, ಆಗ ನೃತ್ಯಶಾಲೆಯಾಗಿದ್ದ ಈ ಮನೆಗೇ ಬಂದಿದ್ದನಂತೆ. ಹಳೆಯ ದಾಖಲೆಗಳನ್ನೆಲ್ಲ ಎಂದೋ ಸುಟ್ಟರು ಎಂದು ನೃತ್ಯದ ಮೇಡಂ ಹೇಳಿ ಕಳಿಸಿದರಂತೆ. ಆಗ ಎನಿಡ್ ಎರಡು ಬೀದಿಯಾಚೆ ಬೇಕರಿಯಲ್ಲಿ ಕೆಲಸ ಮಾಡುತ್ತಿದ್ದಳು.

“ಬಂದಿದ್ನಾ?” ಎಂದಳು.

“ಬಂದಿದ್ರಂತೆ.”

ಕಾಗದದ ಜೊತೆ ಬಂದಿದ್ದ ಕೀತ್‌ನ ಫೋಟೋ ಕೊಟ್ಟೆ. ತುಂಬ ಹೊತ್ತು ನೋಡಿದಳು. “ಅಯ್ಯೋ, ತಲೇಲಿ ಒಂದು ಕೂದ್ಲೂ ಉಳಿದಿಲ್ವಲ್ಲೇ. ನಮ್ಮಪ್ಪನ ಹಾಗೇ,” ಎಂದು ನಕ್ಕಳು. ನಗು ಅಳುವಾಯಿತು; ಆ ಮಧ್ಯಾಹ್ನ ಚಹಾ ಕೂಡ ಮುಟ್ಟಲಿಲ್ಲ.

ಮೇ ತಿಂಗಳಲ್ಲಿ ಮರಿಯನ್ ಮಗಳನ್ನು ಕರೆದುಕೊಂಡು ಬಂದಳು. “ನಿಮ್ಮನ್ನ ಏನಂತ ಕರೀಲಿ?” ಎಂದು ಆ ಹುಡುಗಿ ಕೇಳಿದಳು.

“ಎನಿಡ್ ಅಂದ್ರೆ ಸಾಕು. ಅಜ್ಜಿ ಅನ್ನಿಸ್ಕೊಳ್ಳೋ ಅಂಥದ್ದು ನಾನೇನೂ ಮಾಡಿಲ್ಲ, ಮಗೂ.”

ಹುಡುಗಿ ಪಕ್ಕದಲ್ಲಿ ಕುಳಿತು, ಶಾಲೆಯ ಸುದ್ದಿ ಹೇಳತೊಡಗಿದಳು. ಪ್ರತಿ ಭಾನುವಾರ ಬರುತ್ತಿದ್ದಳು. ಚಳಿಗಾಲದಲ್ಲಿ ಎನಿಡ್ ತೀರಿಕೊಂಡಳು.

ಆಶ್ರಮ ಮುಚ್ಚಿತು. ಈಗ ಅಲ್ಲಿ ಫ್ಲ್ಯಾಟು ಕಟ್ಟುತ್ತಿದ್ದಾರೆ.