ಕಾತಕ್ಕನ ಕಾರು

ಕಾಂಪೌಂಡ್ ಗೋಡೆಯ ಮೇಲೆ ನಾಲ್ಕು ಕೊಳವೆಗಳು ಕಾಣುತ್ತಿದ್ದವು. ತುದಿಯಲ್ಲಿ ಓರೆಯಾಗಿ ಕತ್ತರಿಸಿದ, ಬೆಳಗಿನ ಬಿಸಿಲಿಗೆ ಹೊಳೆಯುವ ಉದ್ದನೆಯ ಕೊಳವೆಗಳು. ಅಕ್ಕ ಮಲ್ಲಿಗೆ ಬಳ್ಳಿಗೆ ಚಪ್ಪರ ಹಾಕಿಸುತ್ತಿದ್ದಾಳೆ ಎಂದುಕೊಂಡು ಗೇಟು ತೆಗೆದೆ. ಒಳಗೆ ಎರಡು ಹೆಜ್ಜೆ ಇಟ್ಟವನು ಅಲ್ಲೇ ನಿಂತುಬಿಟ್ಟೆ. ಕೊಳವೆಗಳು ನೆಲದಿಂದ ಎದ್ದಿರಲಿಲ್ಲ. ಒಂದು ಕಾರಿನ ಹಿಂಭಾಗದಿಂದ ಎದ್ದು, ಅದರ ಚಾವಣಿಯನ್ನೂ ದಾಟಿ ಆಕಾಶಕ್ಕೆ ಬಾಯಿ ತೆರೆದು ನಿಂತಿದ್ದವು.

ಅದು ನಮ್ಮ ಅಪ್ಪಯ್ಯನ ಕಾರು ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತೇ ಹಿಡಿಯಿತು. ಅಪ್ಪಯ್ಯ ಭಾನುವಾರ ಭಾನುವಾರ ತಮ್ಮ ಹಳೆಯ ಪಂಚೆಯ ತುಂಡಿನಿಂದ ಒರೆಸುತ್ತಿದ್ದ, ಬೂದಿ ಬಣ್ಣದ, ಗಂಭೀರವಾದ ಕಾರು ಅದು. ಈಗ ಅದರ ಬಣ್ಣ ನೇರಳೆ. ಮುಂದಿನ ಬಂಪರಿನ ಕೆಳಗಿಂದ ಒಂದು ತಗಡು ಮೊರದಂತೆ ಮುಂದಕ್ಕೆ ಚಾಚಿತ್ತು. ಚಕ್ರಗಳ ಮೇಲಿನ ಮಡ್‌ಗಾರ್ಡುಗಳು ಊದಿಕೊಂಡಿದ್ದವು. ಸ್ಪ್ರಿಂಗುಗಳನ್ನು ಏನು ಮಾಡಿದ್ದರೋ, ಕಾರು ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಕೂತ ಹಾಗಿತ್ತು.

ನಾನು ಆಗ ನಮ್ಮೂರಿನ ಹಳೇ ಕಾರು ಪ್ರೇಮಿಗಳ ಸಂಘದ ಕಾರ್ಯದರ್ಶಿ. ಹೊಟ್ಟೆಪಾಡಿಗೆ ವಿಮೆ ಕಂಪನಿಗಾಗಿ ಅಪಘಾತವಾದ ವಾಹನಗಳನ್ನು ಪರೀಕ್ಷಿಸುವ ಕೆಲಸ. ಜಖಂ ಆದ ಕಾರುಗಳನ್ನು ಇಪ್ಪತ್ತೈದು ವರ್ಷ ನೋಡಿದ್ದೆ. ಬೇಕೆಂದೇ ಹೀಗೆ ಜಖಂ ಮಾಡಿದ ಕಾರನ್ನು ನೋಡಿರಲಿಲ್ಲ.

ಕಾತ್ಯಾಯಿನಿ ನನಗಿಂತ ಹತ್ತು ವರ್ಷ ದೊಡ್ಡವಳು. ಎಲ್ಲರಿಗೂ ಕಾತಕ್ಕ. ಮದುವೆಯಾಗಲಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತಾರು ವರ್ಷ ಕೂತು ಊರಿನವರ ಮಾತನ್ನೆಲ್ಲ ಒಬ್ಬರಿಂದ ಒಬ್ಬರಿಗೆ ಜೋಡಿಸಿಕೊಟ್ಟು ನಿವೃತ್ತಳಾಗಿ, ತಾನೇ ಕಟ್ಟಿಸಿಕೊಂಡ ಮನೆಯಲ್ಲಿ ಒಬ್ಬಳೇ ಇದ್ದಳು. ಅಲ್ಲಿಯ ಅಭ್ಯಾಸವೋ ಏನೋ, ಅವಳ ದನಿ ಎಂದೂ ಏರುತ್ತಿರಲಿಲ್ಲ. ಅವಳಿಗೆ ಕಾರೆಂದರೆ ಹೆದರಿಕೆ, ಹತ್ತಿದರೆ ತಲೆ ಸುತ್ತುತ್ತದೆ ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಹಾಗಿದ್ದೂ ಅಪ್ಪಯ್ಯ ತಮ್ಮ ಉಯಿಲಿನಲ್ಲಿ ಮನೆಯನ್ನು ನನಗೆ, ಕಾರನ್ನು ಅವಳಿಗೆ ಬರೆದಿದ್ದರು. ವಯಸ್ಸಾದವರು ಹೆಸರು ಅದಲುಬದಲು ಮಾಡಿದ್ದಾರೆ ಎಂದು ನಾವು ನಕ್ಕಿದ್ದೆವು. ಕಾರನ್ನು ನನಗೆ ಕೊಡು, ಮೊದಲಿದ್ದ ಹಾಗೆ ಮಾಡಿ ಸಂಘದ ಪ್ರದರ್ಶನಕ್ಕೆ ಇಡುತ್ತೇನೆ ಎಂದು ಎಷ್ಟು ಸಲ ಕೇಳಿದರೂ ಅವಳು "ನೋಡೋಣ" ಎನ್ನುತ್ತಿದ್ದಳು. ಒಂದೂವರೆ ವರ್ಷದ ಹಿಂದೆ, ತುಕ್ಕು ತೆಗೆಸಬೇಕು ಎಂದು ಅದನ್ನು ವೆಲ್ಡಿಂಗ್ ಶೆಡ್ಡಿನ ಇನಾಸ್ ಮೇಸ್ತ್ರಿಯ ಬಳಿಗೆ ಎಳೆಸಿಕೊಂಡು ಹೋಗಿದ್ದಳು; ಕೇಳಿದಾಗಲೆಲ್ಲ ಇನ್ನೂ ಮುಗಿದಿಲ್ಲ ಎನ್ನುತ್ತಿದ್ದಳು.

ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

"ಅಕ್ಕಾ, ಏನಿದು?"

"ಕಾರು."

"ಅದು ಕಾಣುತ್ತೆ. ಯಾರು ಹೀಗೆ ಮಾಡಿದ್ದು?"

"ಜಪಾನಿನಲ್ಲಿ ಹೀಗೆ ಮಾಡ್ತಾರಂತೆ. ಇನಾಸ್ ಅಲ್ಲಿ ಹಡಗು ಕಟ್ಟೋ ಕಡೆ ಹನ್ನೊಂದು ವರ್ಷ ಇದ್ದವರಲ್ಲವಾ, ಅವರ ಹತ್ತಿರ ಫೋಟೋಗಳಿದ್ದವು. ಗೇಟು ರಿಪೇರಿಗೆ ಹೋದಾಗ ನೋಡಿದೆ. ಕಾಫಿ ಕುಡೀತೀಯಾ?"

ನಾನು ಕಾಫಿ ಕುಡಿಯಲಿಲ್ಲ. ಮನೆಗೆ ಬಂದವನೇ ಸಾರಿಗೆ ಕಚೇರಿಗೆ ಒಂದು ಪತ್ರ ಬರೆದೆ. ರಸ್ತೆಗೆ ಅಪಾಯಕಾರಿಯಾದ ರೀತಿಯಲ್ಲಿ ಮಾರ್ಪಡಿಸಿದ ವಾಹನ, ಸಂಖ್ಯೆ ಇಂತಿಂಥದು, ಕೂಡಲೇ ಪರಿಶೀಲಿಸಬೇಕು. ಸಹಿಯ ಜಾಗದಲ್ಲಿ 'ಒಬ್ಬ ನಾಗರಿಕ' ಎಂದು ಬರೆದೆ. ಮೇಸ್ತ್ರಿಗೆ ಬುದ್ಧಿ ಕಲಿಸುವುದಷ್ಟೇ ನನ್ನ ಉದ್ದೇಶವಾಗಿತ್ತು ಎಂದು ಈಗಲೂ ಹೇಳಿಕೊಳ್ಳುತ್ತೇನೆ. ಒಂಟಿ ಹೆಂಗಸನ್ನು ಮರುಳು ಮಾಡಿ ಅವನು ತನ್ನ ಹುಚ್ಚು ತೀರಿಸಿಕೊಂಡಿದ್ದಾನೆ ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ.

ಪತ್ರವನ್ನು ಅಂಚೆಪೆಟ್ಟಿಗೆಗೆ ಹಾಕಿ, ಅದೇ ಬಿಸಿಯಲ್ಲಿ ಇನಾಸ್ ಮೇಸ್ತ್ರಿಯ ಶೆಡ್ಡಿಗೆ ಹೋದೆ. ಆತ ಕಪ್ಪು ಕನ್ನಡಕವನ್ನು ಹಣೆಗೇರಿಸಿ ನನ್ನನ್ನು ನೋಡಿ, ಸ್ಟೂಲು ಮುಂದೆ ತಳ್ಳಿದ.

"ಕೂತು ಬೈಯಿರಿ ಮಾರಾಯ್ರೆ. ನಿಂತು ಬೈದರೆ ಸುಸ್ತಾಗ್ತದೆ."

ನಾನು ಕೂರಲಿಲ್ಲ. "ಒಳ್ಳೆಯ ಕಾರನ್ನು ಯಾಕೆ ಹಾಗೆ ಹಾಳು ಮಾಡಿದೆ?" ಎಂದೆ.

ಆತ ಗೋಡೆಯ ಗೂಡಿನಿಂದ ಆಲ್ಬಮ್ ತೆಗೆದ. ಸಮುದ್ರದ ಪಕ್ಕದ ಬಯಲಿನಲ್ಲಿ ಸಾಲಾಗಿ ನಿಂತ ಕಾರುಗಳು, ಎಲ್ಲವೂ ನನ್ನ ಅಕ್ಕನ ಕಾರಿನ ದಾಯಾದಿಗಳು. ಒಂದರ ಕೊಳವೆ ಇನ್ನೊಂದಕ್ಕಿಂತ ಉದ್ದ.

"ಇದಕ್ಕೆ ಅಲ್ಲಿ ಬಿದಿರಿನ ಈಟಿ ಅಂತಾರೆ," ಎಂದು ಕೊಳವೆ ತೋರಿಸಿದ. "ಮೊದಲು ಇದು ಪುಂಡರ ಆಟ. ಬೋಸೋಝೋಕು ಅಂತ ಅವರ ಗುಂಪು. ರೇಸಿನ ಕಾರು ನೋಡಿ ಆಸೆಪಟ್ಟು, ಅಪ್ಪಂದಿರು ಓಡಿಸೋಂಥ ಕಾರನ್ನೇ ತಂದು, ರೇಸಿನ ಕಾರಿಗಿಂತ ನಾಲ್ಕು ಪಟ್ಟು ಜೋರು ಮಾಡಿದರು. ರಸ್ತೆ ಅಡ್ಡ ಹಾಕ್ತಿದ್ದರು, ಹೊಡೆದಾಡ್ತಿದ್ದರು. ಪೊಲೀಸರು ಬೆನ್ನು ಹತ್ತುತ್ತಿದ್ದರು."

"ಅಂದರೆ ರೌಡಿಗಳು."

"ಹೌದು. ನನಗೂ ಅವರನ್ನು ಕಂಡರೆ ಹೆದರಿಕೆಯೇ."

"ಮತ್ತೆ?"

"ಮತ್ತೆ ನನ್ನ ಜೊತೆ ಮೊರಿತಾ ಅಂತ ಒಬ್ಬ ಕೆಲಸ ಮಾಡ್ತಿದ್ದ. ಹುಡುಗನಾಗಿದ್ದಾಗ ಅದೇ ಗುಂಪಿನಲ್ಲಿದ್ದವ. ಐವತ್ತೈದು ದಾಟಿದ ಮೇಲೆ ಇಂಥ ಕಾರು ಕಟ್ಟಿದ. ಸಿಗ್ನಲ್ ಬಿದ್ದರೆ ನಿಲ್ಲಿಸ್ತಿದ್ದ, ಆಸ್ಪತ್ರೆ ಮುಂದೆ ಮೆಲ್ಲ ಹೋಗ್ತಿದ್ದ. ಈ ವಯಸ್ಸಿನಲ್ಲಿ ಯಾಕೆ ಮಾಡ್ತೀ ಅಂತ ಕೇಳಿದೆ. ಆಗ ಚಂದ ಮಾಡಿ ಮಾಡಲಿಕ್ಕೆ ಬರ್ತಿರಲಿಲ್ಲ, ಈಗ ಬರ್ತದೆ ಅಂದ."

ಆ ಜನ ಒಳ್ಳೆಯವರೋ ಕೆಟ್ಟವರೋ, ಇದು ತಮಾಷೆಯೋ ಶ್ರದ್ಧೆಯೋ, ಒಂದನ್ನು ಹೇಳು ಎಂದು ಕೇಳಬೇಕೆನಿಸಿತು. ಕೇಳಿದ್ದು ಮಾತ್ರ ಬೇರೆ.

"ಅದಿರಲಿ. ನಮ್ಮಕ್ಕನ ಕಾರಿಗೆ ನೀನು ಕೈ ಹಾಕಿದ್ದು ಯಾಕೆ?"

"ನಾನು ಮಾಡಿದ್ದು ಅಂತ ಯಾರು ಹೇಳಿದರು?" ಇನಾಸ್ ಬಗ್ಗಿ ಬೆಂಚಿನ ಕೆಳಗಿಂದ ಒಂದು ಗೋಣಿಚೀಲ ಎಳೆದು ನೆಲಕ್ಕೆ ಸುರಿದ. ಕಬ್ಬಿಣದ ತುಂಡುಗಳು. ಎರಡೆರಡನ್ನು ಸೇರಿಸಿ ಬೆಸೆದಿದ್ದವು. ಮೊದಲಿನವುಗಳಲ್ಲಿ ಬೆಸುಗೆ ಕೋಳಿ ಕೆದರಿದಂತಿತ್ತು, ಕೆಲವು ತೂತು ಬಿದ್ದಿದ್ದವು. ಆಮೇಲಿನವುಗಳಲ್ಲಿ ಗೆರೆ ನೆಟ್ಟಗಾಗುತ್ತ ಬಂದಿತ್ತು. ಕೊನೆಯ ಕೆಲವು ತುಂಡುಗಳ ಮೇಲೆ ಬೆರಳಾಡಿಸಿದೆ. ಹೊಲಿಗೆ ಹಾಕಿದಷ್ಟು ಸಮವಾಗಿತ್ತು.

"ವಾರಕ್ಕೆ ಮೂರು ದಿನ ಬರ್ತಿದ್ದರು," ಎಂದ ಇನಾಸ್. "ನಾನು ಹಿಡಕೊಂಡೆ, ಅಷ್ಟೇ. ಬೆಸುಗೆ ಪೂರಾ ಕಾತಕ್ಕನದ್ದು."

ವಾರಕ್ಕೆ ಮೂರು ದಿನ ಅವಳು ಸಂಗೀತ ಪಾಠಕ್ಕೆ ಹೋಗುತ್ತಾಳೆ ಎಂದು ನಾನು ತಿಳಿದಿದ್ದೆ. ಹಾಗೆಂದು ಅವಳೇ ಹೇಳಿದ್ದಳೋ, ನಾನೇ ಅಂದುಕೊಂಡಿದ್ದೆನೋ ನೆನಪಾಗಲಿಲ್ಲ. ಹೊರಗೆ ಬಂದು ಅಂಚೆಪೆಟ್ಟಿಗೆಯ ಹತ್ತಿರ ಸ್ವಲ್ಪ ಹೊತ್ತು ನಿಂತೆ. ಬೀಗ ಹಾಕಿತ್ತು.

ಅದಾದ ಹತ್ತನೆಯ ದಿನ ನಮ್ಮ ಸಂಘದ ವಾರ್ಷಿಕ ಪ್ರದರ್ಶನ. ಮೈದಾನದ ಬಾಗಿಲಲ್ಲಿ ಮೇಜು ಹಾಕಿಕೊಂಡು ನಾನು ಬಂದ ಕಾರುಗಳ ಹೆಸರು ಬರೆದುಕೊಳ್ಳುತ್ತಿದ್ದೆ. ಹನ್ನೊಂದು ಗಂಟೆಯ ಹೊತ್ತಿಗೆ ದೂರದಲ್ಲಿ ಏನೋ ಗುಡುಗಿದಂತಾಯಿತು. ಶಬ್ದ ಹತ್ತಿರವಾಗುತ್ತ ಬಂದಂತೆ ಜನ ತಿರುಗಿ ನೋಡಿದರು. ರಸ್ತೆಯ ತಿರುವಿನಲ್ಲಿ ಮೊದಲು ಕಂಡದ್ದು ಜನರ ತಲೆಗಳ ಮೇಲೆ ಸಾಗಿ ಬರುತ್ತಿದ್ದ ಆ ನಾಲ್ಕು ಕೊಳವೆಗಳು.

ಓಡಿಸುತ್ತಿದ್ದವಳು ಅಕ್ಕ. ಪಕ್ಕದಲ್ಲಿ ಯಾರೂ ಇರಲಿಲ್ಲ. ಕಾರೆಂದರೆ ತಲೆ ಸುತ್ತುವ ನನ್ನ ಅಕ್ಕ ಒಂದು ಕೈಯಲ್ಲಿ ಸ್ಟೇರಿಂಗ್ ತಿರುಗಿಸುತ್ತ ಮೇಜಿನ ಮುಂದೆ ತಂದು ನಿಲ್ಲಿಸಿದಳು. ನಾನು ಪೆನ್ನು ಹಿಡಿದುಕೊಂಡೇ ಇದ್ದೆ.

"ಹೆಸರು ಬರೆದುಕೋ," ಎಂದಳು.

ಅಷ್ಟರಲ್ಲಿ ಅಧ್ಯಕ್ಷರಾದ ವೈಜನಾಥ ರಾಯರು ಬಂದರು. ಒಂದು ಸುತ್ತು ಹಾಕಿ, ಮೂಗಿನ ಮೇಲಿನ ಕನ್ನಡಕ ಸರಿಮಾಡಿಕೊಂಡು, "ಅಮ್ಮಾ, ಇಲ್ಲಿ ಕಾರು ಹುಟ್ಟಿದಾಗ ಹೇಗಿತ್ತೋ ಹಾಗೇ ಇರಬೇಕು," ಎಂದರು.

"ಹುಟ್ಟಿದ ಹಾಗೇ ಇರೋರು ಯಾರಿದ್ದಾರೆ ರಾಯರೇ?"

ಸುತ್ತ ನಿಂತವರು ನಕ್ಕರು. ರಾಯರು ನಗಲಿಲ್ಲ. ಸಂಘದ ಹಿರಿಯ ಸದಸ್ಯರೊಬ್ಬರು, ಹಲ್ಲಿನ ಡಾಕ್ಟರು, ಬಿಳಿ ಪ್ಯಾಂಟಿನಲ್ಲೇ ಮೊಣಕಾಲೂರಿ ಮಡ್‌ಗಾರ್ಡಿನ ಅಂಚು ಮುಟ್ಟಿ ನೋಡಿದರು. "ಬಹಳ ಕೆಟ್ಟದಾಗಿದೆ. ಆದರೆ ಕೆಲಸ ಅಚ್ಚುಕಟ್ಟು. ಯಾರ ಕೈಯಪ್ಪ ಇದು?" ಎಂದು ನನ್ನನ್ನೇ ಕೇಳಿದರು. ಯಾರೋ ಅದನ್ನು ಸರ್ಕಸ್ಸಿನ ಗಾಡಿ ಎಂದರು. ಇನ್ಯಾರೋ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು.

"ಕಾರ್ಯದರ್ಶಿಗಳು ಏನಂತೀರಿ?" ಎಂದರು ರಾಯರು.

ಅಕ್ಕ ನನ್ನ ಕಡೆ ನೋಡುತ್ತಿದ್ದಳು. ಬೇಡಿಕೊಳ್ಳುವ ನೋಟವಲ್ಲ. ಎಕ್ಸ್‌ಚೇಂಜಿನಲ್ಲಿ ಆ ಬದಿಯವರು ಫೋನು ಎತ್ತುತ್ತಾರೋ ಇಲ್ಲವೋ ಎಂದು ಕಾಯುತ್ತಿದ್ದಾಗಲೂ ಅವಳು ಹೀಗೇ ಇರುತ್ತಿದ್ದಳೇನೋ.

"ನಿಯಮ ಅಂದ ಮೇಲೆ ಎಲ್ಲರಿಗೂ ಒಂದೇ," ಎಂದೆ.

ಅವಳು ತಲೆಯಾಡಿಸಿ, ಗಾಡಿ ಹಿಂದಕ್ಕೆ ತೆಗೆದು ರಸ್ತೆಯಾಚೆ ನಿಲ್ಲಿಸಿದಳು. ನೋಡುನೋಡುತ್ತಿದ್ದಂತೆ ಮೈದಾನದ ಅರ್ಧ ಜನ ಅಲ್ಲಿದ್ದರು. ನಾನು ತಿದ್ದಿ ತೀಡಿದ ಕಾರುಗಳ ನಡುವೆ ಒಂದು ಗಂಟೆ ಓಡಾಡಿದೆ. ಯಾವ ಕಾರನ್ನು ನೋಡಿದೆನೋ ಒಂದೂ ನೆನಪಿಲ್ಲ. ಕೊನೆಗೆ ರಿಜಿಸ್ಟರ್ ಮಡಿಸಿಟ್ಟು ರಸ್ತೆ ದಾಟಿದೆ.

"ಹತ್ತು," ಎಂದಳು.

ಊರು ದಾಟಿ ರೈಲ್ವೆ ಗೇಟಿನ ರಸ್ತೆ ಹಿಡಿದಳು. ಒಳಗೆ ಕೂತರೆ ಮಾತು ಕೇಳುವಂತಿರಲಿಲ್ಲ. ಎದೆಯ ಗೂಡೇ ಅದುರುತ್ತಿತ್ತು. ಸಣ್ಣ ಹಳ್ಳಕ್ಕೂ ಬೆನ್ನುಮೂಳೆ ಝುಮ್ಮೆನ್ನುತ್ತಿತ್ತು. ಆದರೆ ಗೇರು ಬದಲಿಸುವಾಗ ಒಂದು ಎಳೆತವಾಗಲಿ ತಡವರಿಕೆಯಾಗಲಿ ಇರಲಿಲ್ಲ. ಹೊಸದಾಗಿ ಕಲಿತವರ ಕೈ ಅದಲ್ಲ ಎಂದು ಯಾರಿಗಾದರೂ ತಿಳಿಯುತ್ತಿತ್ತು. ಗೇಟು ಮುಚ್ಚಿತ್ತು. ಅವಳು ಎಂಜಿನ್ ಆರಿಸಿದಳು.

"ಎಲ್ಲಿ ಕಲಿತೆ?" ಎಂದೆ.

"ಅಪ್ಪಯ್ಯ ಕಲಿಸಿದರು. ನೀನು ಚಡ್ಡಿ ಹಾಕ್ಕೊಂಡು ಓಡಾಡ್ತಿದ್ದಾಗ."

"ನಿನಗೆ ತಲೆ ಸುತ್ತು…"

"ನನಗೆ ಯಾವತ್ತೂ ತಲೆ ಸುತ್ತಿಲ್ಲ." ಅವಳು ಮುಚ್ಚಿದ ಗೇಟನ್ನೇ ನೋಡುತ್ತ ಹೇಳಿದಳು. "ಹತ್ತೊಂಬತ್ತು ನನಗೆ. ಒಂದು ಮಧ್ಯಾಹ್ನ ಅಪ್ಪಯ್ಯ ಮಲಗಿದ್ದಾಗ ಕೀಲಿಕೈ ತಗೊಂಡು ಒಬ್ಬಳೇ ಬಂದೆ. ಇದೇ ರಸ್ತೆ. ಎಷ್ಟು ಜೋರಾಗಿ ಓಡಿಸಿದೆ ಅಂದರೆ, ಗದ್ದೆಯಲ್ಲಿದ್ದವರು ಎದ್ದು ನಿಂತು ನೋಡಿದರು. ಹಾಗೆ ಹಿಂದೆ ಯಾರೂ ನನ್ನನ್ನು ನೋಡಿರಲಿಲ್ಲ. ಆಗ ನನಗೆ ಗಂಡು ನೋಡ್ತಾ ಇದ್ದರು. ಬರಬೇಕಾದವರ ಕಿವಿಗೆ ಬಿತ್ತು, ಅವರು ಬರಲಿಲ್ಲ. ಅಪ್ಪಯ್ಯ ಬೈಯಲಿಲ್ಲ, ಹೊಡೆಯಲಿಲ್ಲ. ಕೀಲಿಕೈ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಕೇಳಿದವರಿಗೆಲ್ಲ, ನಮ್ಮ ಹುಡುಗಿಗೆ ಕಾರು ಹತ್ತಿದರೆ ತಲೆ ಸುತ್ತುತ್ತೆ, ಅವಳು ಓಡಿಸೋದುಂಟೇ, ಅಂತ ಹೇಳಿದರು. ನಾನೂ ಹಾಗೇ ಅಂದೆ. ಹೇಳಿ ಹೇಳಿ ನಲವತ್ತು ವರ್ಷ ಆಯಿತು."

"ಅದಕ್ಕೇ ಅಪ್ಪಯ್ಯ ನಿನಗೆ ಕಾರು ಬರೆದದ್ದು?"

"ಇರಬಹುದು. ಅವರೇನೂ ಹೇಳಲಿಲ್ಲ."

"ಅಪ್ಪಯ್ಯನ ಮೇಲಿನ ಸಿಟ್ಟಿಗೆ ಕಾರನ್ನು ಹೀಗೆ ಮಾಡಿದೆಯಾ? ಅಥವಾ ಪ್ರೀತಿಗಾ?"

ರೈಲು ಬಂತು, ಹೋಯಿತು, ಗೇಟು ಮೇಲೆದ್ದಿತು.

"ನನಗೂ ಗೊತ್ತಿಲ್ಲ ಕಣೋ," ಎಂದಳು. "ಆ ಫೋಟೋ ನೋಡಿದ ದಿನ ಹೀಗೆ ಮಾಡಬೇಕು ಅನ್ನಿಸ್ತು. ಮಾಡೋವಾಗ ಖುಷಿಯಾಯಿತು. ಅಷ್ಟು ಮಾತ್ರ ಗೊತ್ತು."

ಪತ್ರದ ವಿಷಯ ಅಲ್ಲೇ ಹೇಳಬೇಕಿತ್ತು. ಅವಳು ಎಂಜಿನ್ ಶುರು ಮಾಡುವವರೆಗೂ ಹೇಳಲಿಲ್ಲ.

ಮರುವಾರ ಸಾರಿಗೆ ಕಚೇರಿಯ ಇನ್‌ಸ್ಪೆಕ್ಟರು ಬಂದು ನೋಡಿ ಹೋದರು. ಒಂದು ವಾರದೊಳಗೆ ಕೊಳವೆಗಳನ್ನೂ ಮುಂದಿನ ತಗಡನ್ನೂ ತೆಗೆಯಬೇಕು, ಇಲ್ಲವಾದರೆ ಕಾರು ರಸ್ತೆಗಿಳಿಯುವಂತಿಲ್ಲ ಎಂದು ನೋಟಿಸು ಕೊಟ್ಟರು. ಸುದ್ದಿ ತಿಳಿದು ನಾನು ಹೋದಾಗ ಅಕ್ಕ ಜಗಲಿಯಲ್ಲಿ ಕೂತು ಅದನ್ನು ಓದುತ್ತಿದ್ದಳು.

"ಅಕ್ಕಾ, ಆ ದೂರು…"

"ನಿಂದೇ ಅಂತ ಗೊತ್ತು. ಇನ್‌ಸ್ಪೆಕ್ಟರು ಪತ್ರ ತೋರಿಸಿದರು. ನಿನಗೆ ಅಕ್ಷರ ತೀಡಿಸಿದವಳು ನಾನು."

ನಾನು ಮೆಟ್ಟಿಲ ಮೇಲೆ ಕೂತೆ. ಮೇಸ್ತ್ರಿಯ ಮೇಲಿನ ಸಿಟ್ಟಿನಲ್ಲಿ ಬರೆದೆ, ನೀನು ಮಾಡಿದ್ದೆಂದು ಗೊತ್ತಿರಲಿಲ್ಲ ಎಂದೆಲ್ಲ ಹೇಳಿದೆ. ಹೇಳುತ್ತಿರುವಾಗಲೇ, ಗೊತ್ತಿದ್ದರೆ ಬರೆಯುತ್ತಿರಲಿಲ್ಲವೇ ಎಂದು ನನ್ನನ್ನೇ ಕೇಳಿಕೊಂಡೆ. ಅಕ್ಕ ನೋಟಿಸನ್ನು ಮಡಿಸಿ ಪಕ್ಕಕ್ಕಿಟ್ಟಳು.

"ಕೇಳಬಹುದಿತ್ತು ನನ್ನ," ಎಂದಳು. "ಎಲ್ಲರ ಹತ್ತಿರ ಹೋದೆ. ಇನಾಸ್ ಹತ್ತಿರ, ಕಚೇರಿಗೆ. ನನ್ನ ಹತ್ತಿರ ಕೂತು ಯಾಕೆ ಅಂತ ಕೇಳಲಿಲ್ಲ. ಕಾಫಿ ಕೂಡ ಕುಡೀದೆ ಹೋದೆ."

ಇನಾಸ್ ಮೇಸ್ತ್ರಿ ಬಂದು ತೆಗೆದುಕೊಡುತ್ತೇನೆ ಎಂದರೂ ಅವಳು ಒಪ್ಪಲಿಲ್ಲ. ಹಾಕಿದವಳು ತಾನು, ತೆಗೆಯುವವಳೂ ತಾನೇ ಎಂದಳು. ಭಾನುವಾರ ಬೆಳಿಗ್ಗೆ ಕಾರಿಗೆ ಜಾಕ್ ಕೊಟ್ಟು, ಗೋಣಿ ಹಾಸಿ, ಸೀರೆಯನ್ನು ಎತ್ತಿ ಸಿಕ್ಕಿಸಿಕೊಂಡು ಕೆಳಗೆ ತೂರಿದಳು. ನಾನು ಯಾರೂ ಕರೆಯದೆ ಹೋಗಿ ಪಕ್ಕದಲ್ಲಿ ಕೂತೆ. ಆ ನಾಲ್ಕು ಕೊಳವೆಗಳು ಇನ್ನೂ ಬಿಸಿಲಿಗೆ ಹೊಳೆಯುತ್ತಿದ್ದವು. ಅವು ಚೆನ್ನಾಗಿವೆ ಎಂದು ಆಗಲೂ ನನಗೆ ಅನ್ನಿಸಲಿಲ್ಲ. ಕೆಳಗಿಳಿಸುವುದು ಸರಿ ಎಂದೂ ಅನ್ನಿಸಲಿಲ್ಲ.

"ಬೆಸೆದಿಲ್ಲವಾ ಇದನ್ನು?" ಎಂದು ಕೇಳಿದೆ.

"ಕೊಳವೆ ಬೆಸೆದಿದ್ದೇನೆ. ಕಾರಿಗೆ ಕೂರಿಸಿರೋದು ನಟ್ಟು ಬೋಲ್ಟಿನಲ್ಲಿ," ಎಂದು ಕೆಳಗಿನಿಂದ ದನಿ ಬಂತು. "ಹದಿನಾಲ್ಕನೇ ನಂಬರ್ ಸ್ಪ್ಯಾನರ್ ಕೊಡು."

ಕಾರಿನಡಿಯಿಂದ ಒಂದು ಕೈ ಹೊರಬಂದು ಅಂಗೈ ಬಿಚ್ಚಿತು. ಕಿಡಿ ಹಾರಿ ಸುಟ್ಟ ಸಣ್ಣ ಸಣ್ಣ ಕಲೆಗಳು ಮಣಿಕಟ್ಟಿನವರೆಗೂ ಇದ್ದವು. ಒಂದೂವರೆ ವರ್ಷ, ನಾನು ಬಂದಾಗಲೆಲ್ಲ, ಆ ಕೈಯಿಂದಲೇ ಅವಳು ನನಗೆ ಊಟ ಬಡಿಸಿದ್ದಳು. ನಾನು ಪೆಟ್ಟಿಗೆಯಲ್ಲಿ ತಡಕಾಡಿ ಒಂದು ಸ್ಪ್ಯಾನರ್ ಇಟ್ಟೆ. ಬೆರಳುಗಳು ಅದನ್ನು ಒಮ್ಮೆ ಸವರಿ ನೋಡಿ ನೆಲದ ಮೇಲಿಟ್ಟವು. ಕೈ ಮತ್ತೆ ತೆರೆದುಕೊಂಡು, ನಾನು ಸರಿಯಾದದ್ದನ್ನು ಹುಡುಕುವವರೆಗೂ ಹಾಗೇ ಕಾಯುತ್ತಿತ್ತು.